ಕೊರತೆ ತುಂಬುವುದು ಬೇರೆ, ಬಲ ತುಂಬುವುದು ಬೇರೆ

ದೊಡ್ಡ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರನ್ನು ನೋಡಹೋದ ನೆಂಟರಿಷ್ಟರು ತಪ್ಪದೇ ಆಡುವ ಮಾತೊಂದಿದೆ: "ತುಂಬಾ ಸೊರಗಿದ್ದೀರಿ, ಶಕ್ತಿಗೆ ಏನಾದರೂ ಇಂಜೆಕ್ಷನ್ ಕೊಡಿ ಅಂತ ಡಾಕ್ಟರನ್ನು ಕೇಳಬಾರದೇ?" ಪ್ರೀತಿಯಿಂದ ಹುಟ್ಟಿದ ಮಾತೇ ಸರಿ. ಆದರೆ ಆ ಶಕ್ತಿ ಹಾರ್ಮೋನಿನ ರೂಪದಲ್ಲಿ ಬರುವುದಾದರೆ ತುಸು ನಿಂತು ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ.

ಶಸ್ತ್ರಚಿಕಿತ್ಸೆಯೆಂಬುದು ಶರೀರದ ಪಾಲಿಗೆ ಒಂದು ಗಾಯವೇ. ಅದನ್ನು ಎದುರಿಸಲು ದೇಹವು ತನ್ನ ಸ್ನಾಯುಗಳ ಪ್ರೋಟೀನನ್ನೇ ಕರಗಿಸಿಕೊಳ್ಳುತ್ತದೆ. ಬೆಳವಣಿಗೆಯ ಹಾರ್ಮೋನು ಪ್ರೋಟೀನನ್ನು ಉಳಿಸುವಂಥದು. ಹಾಗಾದರೆ ಅದನ್ನು ಹೊರಗಿನಿಂದ ಕೊಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳಬೇಕಲ್ಲವೇ? ತರ್ಕವೇನೋ ಸೊಗಸಾಗಿತ್ತು. ಯುರೋಪಿನಲ್ಲಿ ಹೃದಯ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ, ಅಪಘಾತ, ಉಸಿರಾಟದ ವೈಫಲ್ಯ ಮುಂತಾದ ಕಾರಣಗಳಿಂದ ತೀವ್ರ ನಿಗಾ ಘಟಕದಲ್ಲಿದ್ದ 532 ಮಂದಿಯನ್ನು ಕುರಿತು ಎರಡು ಪರೀಕ್ಷೆಗಳು ನಡೆದು, 1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಫಿನ್‌ಲೆಂಡಿನಲ್ಲಿ ಹಾರ್ಮೋನು ಪಡೆದವರ ಪೈಕಿ ಆಸ್ಪತ್ರೆಯಲ್ಲೇ ತೀರಿಕೊಂಡವರು ಶೇ. 39, ಪಡೆಯದವರಲ್ಲಿ ಶೇ. 20. ಯುರೋಪಿನ ಇತರ ದೇಶಗಳಲ್ಲಿ ಈ ಪ್ರಮಾಣ ಶೇ. 44 ಮತ್ತು ಶೇ. 18. ಬಲ ತುಂಬಲೆಂದು ಕೊಟ್ಟದ್ದೇ ಪ್ರಾಣಕ್ಕೆ ಎರವಾಯಿತು.

ಇನ್ನೊಂದು ಉದಾಹರಣೆ ಆಕ್ಸಾಂಡ್ರೊಲೋನ್. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ತೂಕ ಹೆಚ್ಚಿಸಲೆಂದು ಬಳಕೆಯಲ್ಲಿದ್ದ ಈ ಔಷಧಿಗೆ 1964ರಲ್ಲಿ ನೀಡಿದ್ದ ಅನುಮತಿಯನ್ನು ಅಮೆರಿಕವು 2023ರಲ್ಲಿ ಹಿಂದಕ್ಕೆ ಪಡೆಯಿತು.

ಹಾಗೆಂದು ಹಾರ್ಮೋನುಗಳೆಲ್ಲ ವಿಷವೆಂದು ಯಾರೂ ಭಾವಿಸಬಾರದು. ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದವರಿಗೆ ಥೈರಾಕ್ಸಿನ್ ಮಾತ್ರೆ ಬದುಕಿರುವವರೆಗೂ ಅನಿವಾರ್ಯ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ನಮ್ಮವರ ಪ್ರಾಣವಾದ ಕಾಫಿ ಕನಿಷ್ಠ ಅರ್ಧ ಗಂಟೆ ಕಾಯಬೇಕು. ಉಬ್ಬಸಕ್ಕೋ ಸಂಧಿವಾತಕ್ಕೋ ಬಹುಕಾಲ ಪ್ರೆಡ್ನಿಸೊಲೋನ್ ಸೇವಿಸಿದವರ ವಿಷಯ ಇನ್ನೂ ಸೂಕ್ಷ್ಮ. ಅವರ ಅಡ್ರಿನಲ್ ಗ್ರಂಥಿಗಳು ಮಂಕಾಗಿರುವ ಸಾಧ್ಯತೆಯಿದ್ದು, ಶಸ್ತ್ರಚಿಕಿತ್ಸೆಯ ವೇಳೆ ಬೇಕಾದಷ್ಟು ಕಾರ್ಟಿಸಾಲ್ ಒದಗದೆ ರಕ್ತದೊತ್ತಡ ಕುಸಿಯಬಹುದು. ಆಗ ಹೈಡ್ರೊಕಾರ್ಟಿಸೋನ್ ಜೀವರಕ್ಷಕ. ಆದ್ದರಿಂದ ಅರಿವಳಿಕೆ ತಜ್ಞರ ಮುಂದೆ ಹಿಂದೆ ಸೇವಿಸಿದ ಔಷಧಿಗಳನ್ನು ಮುಚ್ಚಿಡುವುದು ಅಪಾಯಕಾರಿ. ಹೆಸರೇ ಗೊತ್ತಿಲ್ಲದ ಪುಡಿ, ಗುಳಿಗೆಗಳನ್ನು ತಿಂದಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಬೇಕು.

ಇಲ್ಲಿರುವ ವಿವೇಕ ಸರಳವಾದುದು. ದೇಹದಲ್ಲಿ ಇಲ್ಲದ್ದನ್ನು ಅಳೆದು ತುಂಬುವುದು ವೈದ್ಯ. ಇರುವುದರ ಮೇಲೆ ಸುರಿದು ಅವಸರಪಡಿಸುವುದು ದುಡುಕು. ಗಾಯ ಮಾಯಲು ಅದರದೇ ಆದ ಕಾಲ ಬೇಕು. ಹದವಾದ ಆಹಾರ, ನಿದ್ರೆ, ವೈದ್ಯರು ಹೇಳಿದಷ್ಟು ನಡಿಗೆ, ಇವು ನಿಧಾನವಾದರೂ ನಂಬಿಕಸ್ತ ಗೆಳೆಯರು. ನಿಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ "ಶಕ್ತಿಗೆ ಏನು ಕೊಡುತ್ತೀರಿ?" ಎಂದು ಕೇಳುವ ಬದಲು "ಇವರಿಗೆ ಯಾವುದರ ಕೊರತೆಯಿದೆ? ಪರೀಕ್ಷೆಯಲ್ಲಿ ಅದು ಕಂಡಿದೆಯೇ?" ಎಂದು ಕೇಳಿರಿ. ತರಗತಿಯಲ್ಲಿ ಆಗಲಿ ಆಸ್ಪತ್ರೆಯಲ್ಲಿ ಆಗಲಿ, ಸರಿಯಾದ ಪ್ರಶ್ನೆ ಕೇಳಲು ಯಾರೂ ನಾಚಬೇಕಾಗಿಲ್ಲ.