ಲಯಕ್ರೀಡೆಯಲ್ಲಿ ನುರಿತವನ ತೃಪ್ತಿ

ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಇಂದು ವಿದ್ಯುತ್ ಮಗ್ಗಗಳ ಸದ್ದೇ ಹೆಚ್ಚು. ಆದರೂ ಅಲ್ಲಲ್ಲಿ ಉಳಿದಿರುವ ಕುಣಿ ಮಗ್ಗದ ಸಪ್ಪಳಕ್ಕೆ ಕಿವಿಗೊಟ್ಟವರಿಗೆ ಇವೆರಡರ ಭೇದವು ಒಡನೆಯೇ ತಿಳಿದುಬರುತ್ತದೆ. ವಿದ್ಯುತ್ ಮಗ್ಗವು ಎಡೆಬಿಡದೆ ಒಂದೇ ಸಮನೆ ಬಡಿಯುತ್ತದೆ. ಕುಣಿ ಮಗ್ಗದ ಸದ್ದಿನಲ್ಲಿ ಒಬ್ಬ ಮನುಷ್ಯನಿದ್ದಾನೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತ ನೇಕಾರನು ತುಳಿಹಲಗೆಯನ್ನು ಅದುಮಿದೊಡನೆ ಹಾಸಿನ ಎಳೆಗಳು ಬಾಯ್ದೆರೆಯುತ್ತವೆ. ಹಗ್ಗವನ್ನು ಜಗ್ಗಿದರೆ ಲಾಳಿಯು ಈ ಕಡೆಯಿಂದ ಆ ಕಡೆಗೆ ಹಾರುತ್ತದೆ. ಹಣಿಗೆಯು ಹೊಕ್ಕಿನ ಎಳೆಯನ್ನು ಬಡಿದು ಕೂಡಿಸುತ್ತದೆ. ಈ ಬಡಿತವು ಒಮ್ಮೆ ಬಿರುಸಾಗಿ ಒಮ್ಮೆ ಸಡಿಲವಾದರೆ ಬಟ್ಟೆಯ ಮೇಲೆ ಅಡ್ಡಗೆರೆಯು ಮೂಡಿ ನೇಕಾರನ ತಪ್ಪನ್ನು ಸೀರೆ ಹರಿಯುವ ತನಕ ಸಾರುತ್ತಿರುತ್ತದೆ.

ಕಳೆದ ವರ್ಷ ನಮ್ಮ ಬಂಧುವರ್ಗದ ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಅಂಥದೊಂದು ಮಗ್ಗದ ಮನೆಗೆ ಕರೆದೊಯ್ದಿದ್ದೆನು. ಅವನು ಹುನಗುಂದದವನು, ಸಂಗೀತದ ತಾಳಕ್ಕೆ ಸರಿಯಾಗಿ ಬೆರಳು ತಟ್ಟುವ ವಿಡಿಯೋ ಗೇಮಿನಲ್ಲಿ ಬಹಳ ನುರಿತವನು. ಹಿರಿಯ ನೇಕಾರರು ಅವನನ್ನು ಮಗ್ಗಕ್ಕೆ ಕೂಡಿಸಿ ನಾಲ್ಕು ಎಳೆ ಹಾಕಿಸಿದರು. ಹುಡುಗನ ದೃಷ್ಟಿಯೆಲ್ಲ ಲಾಳಿಯ ಮೇಲೆ. ಕೈ ಪ್ರತಿಸಲವೂ ಹಿಂದೆ ಬೀಳುತ್ತಿತ್ತು.

“ತಮ್ಮಾ, ಲಾಳಿ ನೋಡಕೋತ ಕುಂತ್ರ ಕೈ ತಡಾ ಆಕ್ಕೈತಿ. ಸಪ್ಪಳಾ ಕೇಳು,” ಎಂದರು ಅವರು.

“ಹೌದ್ರೀ ಅಜ್ಜಾರ, ನಮ್ಮ ಆಟದಾಗೂ ಹಿಂಗ ಐತ್ರಿ,” ಎಂದು ಹುಡುಗನು ನಕ್ಕನು.

ಆ ಮಾತೇ ಈ ಲೇಖನಕ್ಕೆ ಕಾರಣ.

ಈ ಬಗೆಯ ಆಟಗಳನ್ನು ಲಯಕ್ರೀಡೆಗಳೆಂದು ಕರೆಯೋಣ. ಇವುಗಳಿಗೆ ಇಂದಿನ ರೂಪವು ಬಂದುದು ಜಪಾನಿನಲ್ಲಿ. ಬಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯು ಹುಟ್ಟಿದ ೧೯೯೭ರಲ್ಲಿಯೇ ಅಲ್ಲಿನ ಕೊನಾಮಿ ಸಂಸ್ಥೆಯ ‘ಬೀಟ್‌ಮೇನಿಯಾ’ ಹೊರಬಂದಿತು. ಮರುವರ್ಷ ಕಾಲಿನಿಂದ ತುಳಿದು ಆಡುವ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’, ೨೦೦೧ರಲ್ಲಿ ದೊಡ್ಡ ಡೋಲಿನ ಮೇಲೆ ಕೋಲಿನಿಂದ ಬಡಿಯುವ ‘ತೈಕೊ ನೊ ತತ್ಸುಜಿನ್’, ೨೦೦೫ರಲ್ಲಿ ಅಮೆರಿಕದ ‘ಗಿಟಾರ್ ಹೀರೋ’. ಹಾಡು ನಡೆಯುತ್ತಿರುವಾಗ ಪರದೆಯ ಮೇಲೆ ಗುರುತುಗಳು ಸಾಗಿಬಂದು ಒಂದು ಗೆರೆಯನ್ನು ಮುಟ್ಟುತ್ತವೆ. ಮುಟ್ಟಿದ ಕ್ಷಣಕ್ಕೆ ಸರಿಯಾಗಿ ತಟ್ಟಬೇಕು. ನಿಯಮವು ಇಷ್ಟೇ. ಇಷ್ಟು ಸರಳವಾದ ಆಟವನ್ನು ಹತ್ತು ವರ್ಷ ಆಡಿಯೂ ಬೇಸರಪಡದವರು ಇದ್ದಾರೆಂದರೆ ಅವರಿಗೆ ದೊರೆಯುವ ತೃಪ್ತಿಯಾದರೂ ಯಾವುದು? ಅಂಕವೆಂದೂ ವೇಗವೆಂದೂ ಹೇಳುವವರುಂಟು. ನನಗೆ ಅದು ಒಪ್ಪಿಗೆಯಾಗಿಲ್ಲ.

ಮೊದಲು ನಮ್ಮ ಶರೀರದ ಸಂಗತಿಯೊಂದನ್ನು ಗಮನಿಸಬೇಕು. ದೀಪವೊಂದು ಹೊತ್ತಿದುದನ್ನು ಕಂಡು ಬೆರಳು ಒತ್ತಲು ನಮಗೆ ಸುಮಾರು ೨೦೦ರಿಂದ ೨೫೦ ಮಿಲಿಸೆಕೆಂಡು ಹಿಡಿಯುತ್ತದೆ. ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಕಠಿಣವಾದ ಹಾಡುಗಳಲ್ಲಿ ನಿಮಿಷಕ್ಕೆ ೧೮೦ ತಾಳ, ತಾಳಕ್ಕೆ ನಾಲ್ಕು ಗುರುತು. ಅಂದರೆ ಸೆಕೆಂಡಿಗೆ ಹನ್ನೆರಡು, ಒಂದರಿಂದ ಇನ್ನೊಂದಕ್ಕೆ ೮೩ ಮಿಲಿಸೆಕೆಂಡು. ಕಂಡ ಮೇಲೆ ತಟ್ಟುತ್ತೇನೆಂದು ಹೊರಟವನು ಕೈಯೆತ್ತುವುದರೊಳಗೆ ಎರಡು ಮೂರು ಗುರುತುಗಳು ದಾಟಿಹೋಗಿರುತ್ತವೆ. ಆದುದರಿಂದ ಆಡುವವನು ಪ್ರತಿಕ್ರಿಯೆ ತೋರುವುದಿಲ್ಲ, ಮುಂದನ್ನು ಊಹಿಸುತ್ತಾನೆ. ತಾಳಕ್ಕೆ ಸರಿಯಾಗಿ ಬೆರಳು ತಟ್ಟಿರೆಂದು ಹೇಳಿ ಅಳೆದು ನೋಡಿದರೆ, ಸಾಮಾನ್ಯ ಜನರು ತಮಗೇ ಅರಿವಿಲ್ಲದಂತೆ ತಾಳಕ್ಕಿಂತ ಕೆಲವು ಹತ್ತು ಮಿಲಿಸೆಕೆಂಡು ಮೊದಲೇ ತಟ್ಟುತ್ತಾರೆ. ಸಂಗೀತಾಭ್ಯಾಸವಿದ್ದವರಲ್ಲಿ ಈ ಅಂತರವು ಕಡಿಮೆ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಹದಿನೆಂಟು ತೋಳುಗಳ ನಟರಾಜನ ಪಕ್ಕಕ್ಕೆ ಶಿಲ್ಪಿಯು ವಾದ್ಯಗಾರನೊಬ್ಬನನ್ನು ಕೆತ್ತಿರುವುದನ್ನು ನೀವು ನೋಡಿರಬಹುದು. ಪೆಟ್ಟು ಕೇಳಿದ ತರುವಾಯ ಹೆಜ್ಜೆಯೆತ್ತುವ ನರ್ತಕನು ಎಂದಿಗೂ ತಾಳಕ್ಕೆ ಸೇರಲಾರನು. ಪೆಟ್ಟು ಬೀಳುವ ಮೊದಲೇ ಅವನ ಕಾಲು ಹೊರಟಿರಬೇಕು.

ನುರಿತವನು ಗುರುತುಗಳನ್ನು ಬಿಡಿಬಿಡಿಯಾಗಿ ನೋಡುವುದೂ ಇಲ್ಲ. ಓದುಬಲ್ಲವನು ಅಕ್ಷರ ಕೂಡಿಸದೆ ಪದವನ್ನೇ ಹಿಡಿಯುವಂತೆ, ಮೃದಂಗ ಕಲಿತವನಿಗೆ ‘ತಕಧಿಮಿ’ ಎಂಬುದು ನಾಲ್ಕು ಪೆಟ್ಟಾಗದೆ ಒಂದೇ ಮಾತಾಗುವಂತೆ, ಅವನು ಗುಂಪುಗಳನ್ನು ಓದುತ್ತಾನೆ. ಹೊಸಬರಿಗೆ ಸೋಜಿಗವೆನಿಸುವ ಇನ್ನೊಂದು ಅಭ್ಯಾಸವೂ ಇಲ್ಲಿಂದಲೇ ಬಂದುದು. ಪಳಗಿದ ಆಟಗಾರರು ಗುರುತುಗಳು ಸಾಗಿಬರುವ ವೇಗವನ್ನು ತಾವಾಗಿಯೇ ಹೆಚ್ಚಿಸಿಕೊಳ್ಳುತ್ತಾರೆ. ಸಂಗೀತದ ಗತಿಯು ಅದರಿಂದ ಬದಲಾಗುವುದಿಲ್ಲ. ಗುರುತುಗಳ ನಡುವಣ ಅಂತರವು ಮಾತ್ರ ಹಿಗ್ಗಿ, ಒತ್ತಾಗಿ ಬರೆದ ಸಾಲು ಬಿಡಿಸಿ ಬರೆದಂತಾಗುತ್ತದೆ. ನೋಡುವವರು ಶೌರ್ಯವೆಂದು ಬೆರಗಾಗುವುದು ನಿಜವಾಗಿ ಒಂದು ಸೌಕರ್ಯ!

ಇನ್ನು ನನ್ನ ಅಭಿಪ್ರಾಯ. ನುರಿತವನ ತೃಪ್ತಿಯು ನಿಂತಿರುವುದು ನಿಷ್ಠುರವಾದ ಹಾಗೂ ಸತ್ಯವಾದ ತೀರ್ಪಿನ ಮೇಲೆ. ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ನಲ್ಲಿ ಅತ್ಯುತ್ತಮವೆನಿಸಿಕೊಳ್ಳಬೇಕಾದರೆ ತಾಳದಿಂದ ಹಿಂದಕ್ಕಾಗಲಿ ಮುಂದಕ್ಕಾಗಲಿ ಸುಮಾರು ೧೭ ಮಿಲಿಸೆಕೆಂಡಿನೊಳಗೆ ತುಳಿಯಬೇಕು. ಆಸ್ಟ್ರೇಲಿಯದ ಡೀನ್ ಹರ್ಬರ್ಟ್ ೨೦೦೭ರಲ್ಲಿ ಹೊರತಂದ ‘ಓಸು’ ಎಂಬ ಉಚಿತ ಆಟದಲ್ಲಿ ಸಡಿಲವಾದ ಮಟ್ಟಕ್ಕೆ ಈ ಅವಕಾಶವು ೮೦ ಮಿಲಿಸೆಕೆಂಡು, ಬಿಗಿಯಾದ ಮಟ್ಟಕ್ಕೆ ೨೦. ಶಬ್ದವು ೨೦ ಮಿಲಿಸೆಕೆಂಡಿನಲ್ಲಿ ಸುಮಾರು ಏಳು ಮೀಟರು ಮಾತ್ರ ಸಾಗಬಲ್ಲುದು. ಭಜನೆಯಲ್ಲಿ ಈ ತುದಿಯ ತಾಳದವನಿಗೂ ಆ ತುದಿಯವನಿಗೂ ಇರಬಹುದಾದಷ್ಟೇ ದೂರ. ವರುಷಗಟ್ಟಲೆ ಪಳಗಿದ ಕೈಯಲ್ಲಿಯೂ ಪೆಟ್ಟಿನಿಂದ ಪೆಟ್ಟಿಗೆ ಹತ್ತು ಮಿಲಿಸೆಕೆಂಡಿನ ಆಸುಪಾಸಿನ ಏರುಪೇರು ಇದ್ದೇ ಇರುತ್ತದೆ. ಅಂದಮೇಲೆ ಈ ಗೆರೆಯನ್ನು ಎಳೆದಿರುವುದು ಮನುಷ್ಯನ ಕೈಗೆ ಎಟುಕುವ ಕಟ್ಟಕಡೆಯ ಅಂಚಿನಲ್ಲಿ. ಇನ್ನೂ ಬಿಗಿಮಾಡಿದರೆ ಗೆಲುವು ಅದೃಷ್ಟದ ಪಾಲಾಗುತ್ತದೆ. ತಟ್ಟಿದ್ದಕ್ಕೆಲ್ಲ ಭಲೇ ಎಂದು ಬೆನ್ನು ಚಪ್ಪರಿಸಿದರೆ ಕೈಗೆ ಕಲಿಯಲು ಏನೂ ಉಳಿಯುವುದಿಲ್ಲ. ಹೊಸಬನಿಗೆ ಈ ಮುಖಸ್ತುತಿಯು ಹಿತವೆನಿಸಬಹುದು. ನುರಿತವನಿಗೆ ಅದು ಅವಮಾನ.

ತೀರ್ಪು ನಿಷ್ಠುರವಾಗಿದ್ದರೆ ಸಾಲದು, ಸಂಗೀತಕ್ಕೆ ಋಣಿಯಾಗಿರಬೇಕು. ‘ಬೀಟ್‌ಮೇನಿಯಾ’ದಲ್ಲಿ ಕೀಲಿಯನ್ನು ಒತ್ತಿದರೆ ಹಾಡಿನದೇ ಒಂದು ಸ್ವರವು ಹೊರಡುತ್ತದೆ, ಒತ್ತದಿದ್ದರೆ ಆ ಸ್ವರವೇ ಇಲ್ಲ, ‘ಗಿಟಾರ್ ಹೀರೋ’ದಲ್ಲಿ ತಪ್ಪಿದೊಡನೆ ಗಿಟಾರು ಮೌನವಾಗುತ್ತದೆ. ಇಲ್ಲಿ ಆಡುವವನು ಪರೀಕ್ಷೆಗೆ ಕುಳಿತವನಲ್ಲ, ಮೇಳದಲ್ಲಿ ಕುಳಿತವನು. ಇದಕ್ಕೆ ವಿರುದ್ಧವಾಗಿ, ಕಷ್ಟವನ್ನು ಹೆಚ್ಚಿಸುವ ಸಲುವಾಗಿ ಹಾಡಿನಲ್ಲಿ ಕೇಳಿಸದ ಕಡೆಯೂ ಗುರುತುಗಳನ್ನು ತುರುಕುವ, ಬಣ್ಣದ ಮಿಂಚುಗಳಿಂದ ಕಣ್ಣು ಕುಕ್ಕಿಸುವ ಆಟಗಳೂ ಹೇರಳವಾಗಿವೆ. ಅವುಗಳಲ್ಲಿ ಕಿವಿಗೆ ಕೆಲಸವಿಲ್ಲ. ಲಾಳಿಯನ್ನು ನೋಡುತ್ತ ನೇಯಲು ಕಲಿಸಿದಂತೆಯೇ ಸರಿ.

ನಮ್ಮ ಹುಡುಗನ ವಿಷಯಕ್ಕೆ ಮರಳಿ ಬರೋಣ. ತಂತಿಯಿಲ್ಲದ ಹೊಸ ಇಯರ್‌ಫೋನು ಕೊಂಡ ಮೇಲೆ ಅವನ ಆಟವು ಕುಸಿಯಿತು. ಒಂದು ತಿಂಗಳ ಕಾಲ ಅವನು ತನ್ನ ಕೈಯೇ ಮಂಕಾಯಿತೆಂದು ನಂಬಿದ್ದನು; ಅಭ್ಯಾಸವನ್ನು ಇಮ್ಮಡಿಸಿದನು, ನಿದ್ರೆಗೆಟ್ಟನು, ಕಡೆಗೆ ತನಗೆ ಲಯಜ್ಞಾನವೇ ಇಲ್ಲವೆಂದು ಆಟವನ್ನೇ ಬಿಟ್ಟನು. ದೋಷವಿದ್ದುದು ಬ್ಲೂಟೂತಿನಲ್ಲಿ. ಅದರ ಮೂಲಕ ಬರುವ ಶಬ್ದವು ಸಾಮಾನ್ಯವಾಗಿ ನೂರು ಮಿಲಿಸೆಕೆಂಡಿಗೂ ಮೀರಿ ತಡವಾಗುತ್ತದೆ; ೨೦ ಮಿಲಿಸೆಕೆಂಡಿನ ಆಟಕ್ಕೆ ಇದು ಪ್ರಳಯವೇ. ಗುರುತುಗಳನ್ನು ಅಷ್ಟೇ ಹಿಂದಕ್ಕೆ ಸರಿಸಿ ಹೊಂದಿಸಿಕೊಳ್ಳುವ ಏರ್ಪಾಡು ಒಳ್ಳೆಯ ಆಟಗಳಲ್ಲಿ ಇರುತ್ತದೆ. ಆದರೆ ತಟ್ಟಿದಾಗ ಹೊರಡುವ ಸ್ವರದ ತಡವನ್ನು ಯಾವ ಹೊಂದಾಣಿಕೆಯೂ ನೀಗಿಸಲಾರದು, ಏಕೆಂದರೆ ನೀವು ತಟ್ಟುವ ಮುನ್ನ ಅದನ್ನು ಕಳುಹಿಸುವಂತಿಲ್ಲ. ತಂತಿಯ ಇಯರ್‌ಫೋನು ಸಿಕ್ಕಿಸಿದ ಸಂಜೆಯೇ ಅವನ ಕೈ ಹಿಂದಿನಂತಾಯಿತು. ಅಳತೆಗೋಲು ಸುಳ್ಳಾದಾಗ ತರುಣನೊಬ್ಬನು ತನ್ನನ್ನೇ ಸುಳ್ಳೆಂದು ಬಗೆಯುವನಲ್ಲಾ, ಆಟವಾದರೂ ಇದು ಸಣ್ಣ ಅನ್ಯಾಯವೆಂದು ನನಗೆ ತೋರುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಲಯಕ್ರೀಡೆಯಿಂದ ಬುದ್ಧಿ ಬೆಳೆಯುತ್ತದೆ, ಪರೀಕ್ಷೆಯಲ್ಲಿ ಅಂಕ ಹೆಚ್ಚುತ್ತದೆ ಎಂದು ತಂದೆತಾಯಿಗಳ ಮುಂದೆ ವಾದಿಸಲು ವಿದ್ಯಾರ್ಥಿಗಳು ಈ ಲೇಖನವನ್ನು ಹಿಡಿದುಕೊಂಡು ಹೋಗಬಾರದು. ಒಂದು ಆಟದಲ್ಲಿ ಗಳಿಸಿದ ನೈಪುಣ್ಯವು ಬಹುಮಟ್ಟಿಗೆ ಆ ಆಟದಲ್ಲಿಯೇ ಉಳಿಯುತ್ತದೆ. ಹುಡುಗನು ಮಗ್ಗದ ಮೇಲೆ ತಡವರಿಸಿದ್ದನ್ನು ನಾನೇ ಕಂಡಿದ್ದೇನೆ. ನೇಕಾರನ ದುಡಿಮೆಯನ್ನು ಆಟವೆಂದು ಕರೆಯುವುದೂ ತರವಲ್ಲ. ಅವನ ಲಯದ ಹಿಂದೆ ಹೊಟ್ಟೆಯಿದೆ.

ಆದರೆ ನನ್ನದೊಂದು ಬಯಕೆಯಿದೆ. ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ವಿದ್ಯೆ ಕಲಿಯುತ್ತಿರುವವರು ನಮ್ಮ ಸೀಮೆಯ ಕರಡಿ ಮಜಲನ್ನು ಲಯಕ್ರೀಡೆಯಾಗಿ ಏಕೆ ಕಟ್ಟಬಾರದು? ಕರಡಿ, ಸನಾದಿ, ತಾಳ. ಮಜಲಿನಿಂದ ಮಜಲಿಗೆ ಏರುವ ಗತಿ. ಇದಕ್ಕಿಂತ ತಕ್ಕ ವಸ್ತು ಬೇರೆ ಬೇಕೆ? ತೊಡಕು ಒಂದೇ. ಇಂಥ ಆಟಗಳಿಗೆ ಗುರುತು ಹಾಕುವವರು ನಿಮಿಷಕ್ಕೆ ಇಷ್ಟು ತಾಳವೆಂದು ಯಂತ್ರದ ಜಾಲರಿಯೊಂದನ್ನು ಹಾಸಿ ಅದರ ಮೇಲೆ ಗುರುತುಗಳನ್ನು ಇಡುವುದು ರೂಢಿ. ಕರಡಿ ಬಾರಿಸುವವನು ಜಾಲರಿಯ ಮೇಲೆ ನಡೆಯುವುದಿಲ್ಲ. ಸನಾದಿಯವನು ಎಳೆದರೆ ತಾನೂ ಒಂದಿಷ್ಟು ತಡೆದು ಮತ್ತೆ ಮುನ್ನುಗ್ಗುತ್ತಾನೆ. ಆದುದರಿಂದ ಧ್ವನಿಮುದ್ರಣವನ್ನು ಮುಂದಿಟ್ಟುಕೊಂಡು ಒಂದೊಂದು ಪೆಟ್ಟು ಬಿದ್ದ ಕ್ಷಣವನ್ನೂ ಅಳೆದು, ಗುರುತನ್ನು ಅಲ್ಲಿಯೇ ನೆಡಬೇಕು. ಹತ್ತು ನಿಮಿಷದ ಒಂದು ಮಜಲಿಗೆ ಸಾವಿರಾರು ಪೆಟ್ಟುಗಳಾದಾವು. ಹುನಗುಂದದ ನಮ್ಮ ಹುಡುಗನು ಮೊದಲ ಇನ್ನೂರನ್ನು ಗುರುತಿಸಿ ಮುಗಿಸಿದ್ದಾನೆ.