ಅಗ್ಗದ ಬಡಾವಣೆಯ ತುಟ್ಟಿ ಲೆಕ್ಕ

‘ನಿಮ್ಮ ಮನೆ ಎಲ್ಲಿ?’ ಎಂದು ಕೇಳಿದರೆ ಜಯನಗರದವರು ‘ಜಯನಗರ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಮ್ಮಂಥವರ ಉತ್ತರ ಸ್ವಲ್ಪ ಉದ್ದ. ‘ಮೈಸೂರು ರಸ್ತೆ ಗೊತ್ತಲ್ಲ, ಅದಕ್ಕೂ ಮಾಗಡಿ ರಸ್ತೆಗೂ ನಡುವೆ...’ ಎಂದು ಶುರುಮಾಡಿ, ಒಂದು ಕೆರೆ, ಒಂದು ಮಾರಮ್ಮನ ಗುಡಿ, ಒಂದು ಸಾಮಿಲ್ಲು ದಾಟಿಸಬೇಕು. ಕೇಳಿದವರು ‘ಅಯ್ಯೋ, ಅಷ್ಟು ದೂರವೇ?’ ಎಂದು ಮರುಕಪಡುವ ಹೊತ್ತಿಗೆ ನಾವು ಮನೆ ಮುಟ್ಟಿರುತ್ತೇವೆ.

ಬಿಡಿಎ ಸೈಟಿಗೆ ಎರಡು ಸಲ ಅರ್ಜಿ ಹಾಕಿ ಸೋತಿದ್ದ ನಾನು 1996ರಲ್ಲಿ ಇಲ್ಲಿ ಇಪ್ಪತ್ತು ಮೂವತ್ತರ ಒಂದು ಸೈಟು ಕೊಂಡೆ. ಚದರಡಿಗೆ ಎಂಬತ್ತು ರೂಪಾಯಿ. ಹಿಂದಿನ ವರ್ಷದ ರಾಗಿ ಕೂಳೆ ಇನ್ನೂ ನೆಲದಲ್ಲಿತ್ತು. ಸೈಟು ತೋರಿಸಿದ ಪುಣ್ಯಾತ್ಮ ಸುಣ್ಣದ ಗೆರೆಗಳತ್ತ ಕೈ ಬೀಸಿ, ‘ಇದು ನಲವತ್ತಡಿ ರೋಡು ಸಾರ್, ಅದು ಪಾರ್ಕು. ಬೋರು ಹಾಕಿದರೆ ಇನ್ನೂರೈವತ್ತಡಿಗೆ ನೀರು. ಇಲ್ಲಿ ಬೋರು ಬಹಳ ಚೆನ್ನಾಗಿದೆ’ ಎಂದ. ನೀರಿನ ಮಾತೊಂದು ನಿಜವಾಯಿತು. ನಲವತ್ತಡಿ ರಸ್ತೆ ಇಪ್ಪತ್ತಕ್ಕೆ ಇಳಿಯಿತು. ಪಾರ್ಕಿನಲ್ಲಿ ಈಗ ನಾಲ್ಕಂತಸ್ತಿನ ಮನೆಯೊಂದು ನಿಂತಿದೆ.

ಇಂಥ ಸೈಟು ಅಗ್ಗಕ್ಕೆ ಸಿಗುವುದರಲ್ಲಿ ಗುಟ್ಟೇನೂ ಇಲ್ಲ. ಯೋಜನೆಯ ಪ್ರಕಾರ ಮಾಡಿದ ಬಡಾವಣೆಯಲ್ಲಿ ರಸ್ತೆ, ಚರಂಡಿ, ನೀರಿನ ಕೊಳವೆ, ದೀಪ ಇವುಗಳ ಖರ್ಚು ಸೈಟಿನ ಬೆಲೆಯಲ್ಲೇ ಸೇರಿರುತ್ತದೆ. ಹೊಲವನ್ನು ಹಾಗೇ ಕತ್ತರಿಸಿ ಮಾರಿದರೆ ಅದೊಂದೂ ಇಲ್ಲ. ಆದ್ದರಿಂದ ಬೆಲೆಯೂ ಇಲ್ಲ. ಉಳಿದದ್ದನ್ನು ಕೊಂಡವನು ಮುಂದಿನ ಇಪ್ಪತ್ತು ಮೂವತ್ತು ವರ್ಷ ಕಂತಿನಲ್ಲಿ ತೀರಿಸುತ್ತಾನೆ. ಸ್ವಲ್ಪ ದುಡ್ಡಿನಲ್ಲಿ, ಹೆಚ್ಚು ಹೊತ್ತಿನಲ್ಲಿ, ಇನ್ನೂ ಹೆಚ್ಚು ಬೆನ್ನುನೋವಿನಲ್ಲಿ.

ನಾನೂ ಹಾಗೆಯೇ ತೀರಿಸಿದೆ. ಮಾರ್ಕೆಟ್ಟಿಗೆ ಹೋಗುವ ಬಸ್ಸು ಹಿಡಿಯಲು ಎರಡು ಕಿಲೋಮೀಟರ್ ನಡಿಗೆ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ, ಟಿಫಿನ್ ಡಬ್ಬಿ ಕಂಕುಳಲ್ಲಿ. ಕೆಂಪು ಮಣ್ಣು ಮೆತ್ತಿದ ಪ್ಯಾಂಟು ನೋಡಿಯೇ ಕಂಡಕ್ಟರು ನನ್ನ ಸ್ಟಾಪು ಹೇಳುತ್ತಿದ್ದ. 1997ರಲ್ಲಿ ಬಿಟಿಎಸ್ ಹೋಗಿ ಬಿಎಂಟಿಸಿ ಬಂತು. ಬಸ್ಸಿನ ಹೆಸರು ಬದಲಾಯಿತೇ ಹೊರತು ನಮ್ಮ ನಡಿಗೆ ಬದಲಾಗಲಿಲ್ಲ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಆ 110ರಲ್ಲಿ ನಮ್ಮ ಹಳ್ಳಿಯೂ ಒಂದು. ರಾತ್ರಿ ಹಳ್ಳಿಯವರಾಗಿ ಮಲಗಿ ಬೆಳಿಗ್ಗೆ ಮಹಾನಗರದವರಾಗಿ ಎದ್ದೆವು. ಬೀದಿಯವರೆಲ್ಲ ಸೇರಿ ಗುಡಿಯಲ್ಲಿ ಚಿತ್ರಾನ್ನ ಹಂಚಿದೆವು. ಮೊದಲು ಬಂದದ್ದು ತೆರಿಗೆಯ ಚೀಟಿ. ಅದರ ಹಿಂದೆಯೇ ನಮ್ಮ ಮನೆಗಳೆಲ್ಲ ‘ಬಿ’ ಖಾತೆ ಎಂಬ ಸುದ್ದಿ. ಎಂದರೆ ತೆರಿಗೆ ಕಟ್ಟುವಾಗ ನಾವು ನಾಗರಿಕರು, ಮಹಡಿ ಕಟ್ಟಲು ಬ್ಯಾಂಕಿನಲ್ಲಿ ಸಾಲ ಕೇಳುವಾಗ ಮಾತ್ರ ಲೆಕ್ಕಕ್ಕಿಲ್ಲದವರು. ನಾನು ಹೆಂಡತಿಯ ಬಳೆ ಅಡವಿಟ್ಟು ಮಹಡಿ ಕಟ್ಟಿದೆ.

ಆ ಮಹಡಿಗೆ 2014ರಲ್ಲಿ ಬಾಡಿಗೆಗೆ ಬಂದದ್ದು ನಾಗಮಂಗಲದ ಕಡೆಯ ಒಂದು ಸಂಸಾರ. ಗಂಡನಿಗೆ ಗಾರೆ ಕೆಲಸ, ಆಕೆಗೆ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ. ಎರಡು ಮಕ್ಕಳು. ಬಾಡಿಗೆ ಮೂರೂವರೆ ಸಾವಿರ. ಐದನೇ ತಾರೀಖು ದಾಟಿಸಿದವರಲ್ಲ.

ನಮ್ಮಂಥ ಬಡಾವಣೆಯಲ್ಲಿ ನೆರೆಹೊರೆ ಬೆಳೆಯುವುದು ಇಲ್ಲದಿರುವ ವಸ್ತುಗಳಿಂದ. ದೀಪವಿಲ್ಲ, ಆದ್ದರಿಂದ ಟ್ಯೂಷನ್ನಿನ ಮಕ್ಕಳನ್ನು ಸರದಿಯ ಮೇಲೆ ಕರೆತರುತ್ತೇವೆ. ಕಸದ ಗಾಡಿ ಬರುವುದಿಲ್ಲ, ಆದ್ದರಿಂದ ಎಲ್ಲರೂ ಸೇರಿ ಒಬ್ಬನನ್ನು ಗೊತ್ತುಮಾಡುತ್ತೇವೆ. ನೀರಿಲ್ಲ, ಆದ್ದರಿಂದ ಯಾರ ಮನೆಯ ಸಂಪು ಎಷ್ಟು ಆಳ ಎಂಬುದು ಬೀದಿಗೆಲ್ಲ ಗೊತ್ತು.

ಆ ನೀರಿನ ಕಥೆ ಕೇಳಿ. ಇನ್ನೂರೈವತ್ತಡಿಯ ಬೋರು 2013ಕ್ಕೆ ಬತ್ತಿತು. ಒಂಬೈನೂರು ಅಡಿ ಕೊರೆಸಿದ್ದು 2024ರ ಶಿವರಾತ್ರಿಯ ಹೊತ್ತಿಗೆ ಬರೀ ಗಾಳಿ ಉಗುಳಿತು. ಆ ಬೇಸಿಗೆ ಬೆಂಗಳೂರಿನವರು ಯಾರೂ ಮರೆಯುವಂಥದ್ದಲ್ಲ. ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತುಮಾಡಿತು: ಐದು ಕಿಲೋಮೀಟರಿನ ಒಳಗೆ 6,000 ಲೀಟರಿಗೆ 600 ರೂಪಾಯಿ. ನಮಗೆ ನೀರು ತರುತ್ತಿದ್ದವನು ಆ ದಿನದ ಪೇಪರು ಓದಿರಲಿಲ್ಲವೆಂದು ಕಾಣುತ್ತದೆ.

ಅವನು ಬರುತ್ತಿದ್ದುದು ರಾತ್ರಿ ಒಂದಕ್ಕೋ ಎರಡಕ್ಕೋ. ಹಾರನ್ ಹೊಡೆದಾಗ ಯಾರು ಎದ್ದರೋ ಅವರಿಗೆ ನೀರು. ನನಗೆ ಆಗಷ್ಟೇ ಕಣ್ಣಿನ ಪೊರೆ ತೆಗೆದಿದ್ದರು, ಹೆಂಡತಿಗೆ ಮಂಡಿನೋವು. ಬೆಳಿಗ್ಗೆಯಿಂದ ಮಿಷನ್ ತುಳಿದು ಬಂದ ಮಹಡಿಯ ಹೆಣ್ಣುಮಗಳು ಆ ಹೊತ್ತಿನಲ್ಲಿ ಎದ್ದು, ಪೈಪು ಹಿಡಿದು, ಸಂಪು ತುಂಬಿಸಿ, ಮುಚ್ಚಳ ಹಾಕಿ ಹೋಗುತ್ತಿದ್ದಳು. ಬೆಳಿಗ್ಗೆ ನನ್ನ ಹೆಂಡತಿ ‘ನಮ್ಮನ್ನ ಎಬ್ಬಿಸಬಾರದಿತ್ತೇನಮ್ಮಾ?’ ಎಂದರೆ, ‘ನೀವ್ಯಾಕೆ ನಿದ್ದೆಗೆಡ್ತೀರ ಆಂಟಿ, ನಂಗೂ ಬೇಕಲ್ವ ನೀರು’ ಎನ್ನುವಳು. ಎರಡು ಮನೆಗೂ ದಿನಕ್ಕೆ ಇಷ್ಟಿಷ್ಟೇ ಬಿಂದಿಗೆ ಎಂದು ಲೆಕ್ಕವಿತ್ತು. ಲೆಕ್ಕ ಇಟ್ಟವಳೂ ಅವಳೇ. ಒಂದು ದಿನವೂ ತಪ್ಪಲಿಲ್ಲ.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಮ್ಮಂಥ 110 ಹಳ್ಳಿಗಳಿಗೆಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ ಪಂಪು ಮಾಡಿಸಿಕೊಂಡು ಅದು ನಗರಕ್ಕೆ ಏರಿ ಬರಬೇಕು. ಮುಂದಿನ ವರ್ಷದ ಮೊದಲಲ್ಲಿ ಒಂದು ಬೆಳಿಗ್ಗೆ ನಮ್ಮ ನಲ್ಲಿ ಕೆಮ್ಮಿತು, ಕೆಸರು ಕಾರಿತು, ಆಮೇಲೆ ತಿಳಿನೀರು ಬಿಟ್ಟಿತು. ಮಹಡಿಯಾಕೆ ಓಡಿ ಬಂದು ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಇಬ್ಬರು ಹೆಂಗಸರೂ ಕಣ್ಣೊರೆಸಿಕೊಂಡರು.

ನೀರು ಬಂದ ಹದಿನೈದು ದಿನಕ್ಕೆ ಬ್ರೋಕರು ಬಂದ. ‘ಸಾರ್, ಕಾವೇರಿ ಬಂತು. ಕೆಂಗೇರಿಗೆ 2021ರಲ್ಲೇ ಮೆಟ್ರೋ ಬಂದಿದೆ. ಇನ್ನೂ ಆರೂವರೆ ಸಾವಿರಕ್ಕೆ ಕೊಟ್ಟಿದ್ದೀರಲ್ಲ! ಹತ್ತಕ್ಕೆ ನಾನು ಕರೆತರುತ್ತೇನೆ.’ ಇದನ್ನು ಕೇಳಿ ನನಗೆ ಸಿಟ್ಟು ಬಂತು ಎಂದು ಬರೆದುಕೊಳ್ಳಬಹುದಿತ್ತು. ನಿಜವೆಂದರೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಬೋರಿನ ಸಾಲವಿತ್ತು, ನಲ್ಲಿ ಸಂಪರ್ಕಕ್ಕೆ ಕಟ್ಟಿದ ದುಡ್ಡಿತ್ತು, ನನ್ನ ಪಿಂಚಣಿ ಎಷ್ಟೆಂದು ನನಗೆ ಗೊತ್ತು. ಮೂವತ್ತು ವರ್ಷ ಕಂತು ಕಟ್ಟಿದವನಿಗೆ ಈಗಲಾದರೂ ಫಲ ಬೇಡವೇ ಎಂಬ ನ್ಯಾಯ ತಾನಾಗಿ ಹುಟ್ಟಿಕೊಂಡಿತು. ಮಹಡಿಯವರೂ ಹನ್ನೊಂದು ವರ್ಷ ಅದೇ ಕಂತು ಕಟ್ಟಿದ್ದರು ಎಂಬುದು ಆ ರಾತ್ರಿ ಹೊಳೆಯಲಿಲ್ಲ. ಹೊಳೆದಿದ್ದರೂ ಏನು ಮಾಡುತ್ತಿದ್ದೆನೋ.

‘ಒಂಬತ್ತು ಮಾಡಿಕೊಳ್ಳೋಣಮ್ಮ’ ಎಂದೆ. ಆಕೆ ಚೌಕಾಸಿ ಮಾಡಲಿಲ್ಲ. ಸ್ವಲ್ಪ ಹೊತ್ತು ನಲ್ಲಿಯನ್ನೇ ನೋಡಿ, ‘ಆಗಕಿಲ್ಲ ಸಾರ್, ಇಬ್ರು ಮಕ್ಳ ಫೀಜು ಅದೆ’ ಎಂದಳು. ಶಾಲೆ ಬೇಸಿಗೆ ರಜೆಗೆ ಮುಚ್ಚುವವರೆಗೆ ಇದ್ದು, ಅಡ್ವಾನ್ಸು ಎಣಿಸಿಕೊಂಡು, ಸಂಪಿನ ಬೀಗದಕೈ ನನ್ನ ಹೆಂಡತಿಯ ಕೈಗಿತ್ತು ಹೋದಳು. ಈಗ ಮಹಡಿಯಲ್ಲಿ ಕಂಪನಿ ಕೆಲಸದ ಇಬ್ಬರು ಹುಡುಗರಿದ್ದಾರೆ. ಒಳ್ಳೆಯವರೇ. ಬಾಡಿಗೆ ಫೋನಿನಲ್ಲೇ ಬರುತ್ತದೆ. ಸಂಪು ಎಲ್ಲಿದೆ ಎಂದು ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ನನ್ನ ಹೆಂಡತಿ ಮಾತ್ರ ಕೆಲವು ರಾತ್ರಿ ಒಂದು ಗಂಟೆಗೆ ಎದ್ದು ಕೂರುತ್ತಾಳೆ, ಹಾರನ್ ಕೇಳಿಸಿತು ಎಂದು.

ದೀಪಾವಳಿಗೆ ಮುಂಚೆ ಅವರ ಹೊಸ ಮನೆ ನೋಡಲು ಹೋಗಿದ್ದೆವು. ಮಾಗಡಿ ರಸ್ತೆಯಲ್ಲಿ ತಾವರೆಕೆರೆಯಿಂದ ಒಳಗೆ. ಆಟೋದವನಿಗೆ ದಾರಿ ಹೇಳಲು ಒಂದು ಕೆರೆ, ಒಂದು ಗುಡಿ ಬೇಕಾಯಿತು. ಪಕ್ಕದ ಹೊಲದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಬೀದಿಯ ನಾಲ್ಕು ಹೆಂಗಸರು ಅವಳ ಬಾಗಿಲಲ್ಲೇ ಕೂತಿದ್ದರು. ಎದ್ದು ನಮಗೆ ಜಾಗ ಬಿಟ್ಟರು. ಕಾಫಿ ಕೊಡುತ್ತಾ ಆಕೆ ಎಂದಳು: ‘ಬಾಡಿಗೆ ಐದು ಸಾವಿರ ಸಾರ್. ಇಲ್ಲಿ ಬೋರು ಬೋ ಚೆನ್ನಾಗದೆ. ಕಾವೇರಿ ಒಂದು ಬಂದ್ಬುಟ್ರೆ ಇನ್ನೇನೂ ಬ್ಯಾಡ.’

ನನ್ನ ಹೆಂಡತಿ ‘ಬರುತ್ತಮ್ಮ’ ಎಂದಳು. ಬರಲಿ ಎಂದು ಹಾರೈಸುವುದು ಹೇಗೆಂದು ತಿಳಿಯದೆ ನಾನು ಕಾಫಿ ಲೋಟ ನೋಡುತ್ತಾ ಕುಳಿತೆ.