ಕುಂಟೆತ್ತಿಗೂ ಒಂದು ಹಿಡಿ ಜೋಳ

ಫೋನಿನಲ್ಲಿ ಫಾರ್ಮ್ ಗೇಮ್ ಆಡೋರಿಗೆ ಗೊತ್ತು, ಅಲ್ಲಿ ಭೂಮಿ ಮೇಲೆ ಇಲ್ಲದ ಪ್ರಾಣಿಯನ್ನೂ ಸಾಕಬಹುದು. ಆದ್ರೆ ಅದು ದುಡಿಯಬೇಕು. ದುಡೀದಿದ್ರೆ ಮಾರಿಬಿಡ್ತೀವಿ.

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಮಕ್ಕಳಿಗೂ ಅಂಥದ್ದೊಂದು ಕಲ್ಪನೆಯ ದನ ಇದೆ: ಮಣ್ಣೆತ್ತು. ಕಾರಹುಣ್ಣಿಮೆ ನಿಜವಾದ ಎತ್ತುಗಳ ಹಬ್ಬ. ಅದಾಗಿ 15 ದಿನಕ್ಕೆ, ಮುಂಗಾರು ಬಿತ್ತನೆಯ ಹೊತ್ತಲ್ಲಿ, ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣಿನಲ್ಲಿ ಜೋಡೆತ್ತು ಮಾಡಿ, ಮುಂದೊಂದು ಗ್ವಾದಲಿ ಇಟ್ಟು ಪೂಜೆ ಮಾಡ್ತಾರೆ.

ಹಬ್ಬದ ಬೆನ್ನಿಗೇ ಮಕ್ಕಳ ಆಟ. ಮಣ್ಣೆತ್ತು ಹಿಡಿದು, ಎತ್ತು ಕುಂಟಾಗಿದೆ ಅಂತ ಹಾಡುತ್ತಾ ಮನೆಮನೆಗೆ ಹೋಗ್ತಾರೆ. ಬಾಗಿಲಿಗೆ ಬಂದ ಕುಂಟೆತ್ತಿಗೆ ಜೋಳವೋ ಚಿಲ್ಲರೆ ಕಾಸೋ ಕೊಡೋದು ರೂಢಿ.

ನಿಜವಾದ ಎತ್ತು ಕುಂಟಾದ್ರೆ ಲೆಕ್ಕ ಬೇರೆ. ಸಂತೆಯಲ್ಲಿ ರೇಟ್ ಬೀಳುತ್ತೆ, ಮೇವಿನ ಖರ್ಚು ಮಾತ್ರ ನಿಲ್ಲಲ್ಲ. ಅದಕ್ಕೆ ರೈತನನ್ನು ದೂರಿ ಪ್ರಯೋಜನವಿಲ್ಲ. ಆದ್ರೆ ಈ ಆಟ ಒಂದು ಮಾತು ಹೇಳುತ್ತೆ: ಕುಂಟೆತ್ತಿನ ಹೊಟ್ಟೆ ಒಂದೇ ಮನೆಯ ಭಾರ ಅಲ್ಲ, ಇಡೀ ಓಣಿಯದ್ದು. ಆಫೀಸಿನಲ್ಲಿ ವರ್ಷವಿಡೀ ದುಡಿಮೆಯ ಲೆಕ್ಕ ಒಪ್ಪಿಸುವ ನಮಗೆ ಇದು ಸಣ್ಣ ಮಾತಲ್ಲ.

ಈಗ ಹೊಲದಲ್ಲಿ ಟ್ರ್ಯಾಕ್ಟರ್. ಎಷ್ಟೋ ಮನೆಗಳಲ್ಲಿ ಉಳಿದಿರೋ ಎತ್ತು ಅಂದ್ರೆ ಈ ಮಣ್ಣಿಂದೇ.

ಈ ಸಲ ಅಮಾವಾಸ್ಯೆಗೆ ಊರಿಗೆ ಹೋಗೋಕೆ ಆಗ್ಲಿಲ್ವಾ? ಅಜ್ಜನಿಗೆ ಫೋನ್ ಮಾಡಿ. ಹಬ್ಬದ ಶುಭಾಶಯ ಹೇಳಿದ ಮೇಲೆ ಒಂದು ಪ್ರಶ್ನೆ ಕೇಳಿ: "ನಮ್ಮ ಮನ್ಯಾಗ ಎತ್ತಿಗೆ ವಯಸ್ಸಾದ ಮ್ಯಾಲೆ ಏನ್ ಮಾಡ್ತಿದ್ರಿ ಅಜ್ಜಾ?"

ಉತ್ತರ ಕೇಳೋಕೆ ಟೈಮ್ ಇಟ್ಕೊಳ್ಳಿ. ಅದು ಎರಡು ಮಾತಲ್ಲಿ ಮುಗಿಯಲ್ಲ.